ಹಳೆಯ ಪಿಕಪ್ ಟ್ರಕ್ಕುಗಳಲ್ಲಿ ಸ್ಟೀರಿಂಗ್ ಸಡಿಲಿಕೆ

ಸ್ಟೀರಿಂಗ್ ಸಡಿಲಿಕೆ ಎಂದರೆ ವಾಹನದ ಸ್ಟೀರಿಂಗ್ ಚಕ್ರವನ್ನು ಎಡಕ್ಕಾಗಲಿ ಬಲಕ್ಕಾಗಲಿ ತಿರುಗಿಸಿದಾಗ, ಮುಂದಿನ ಗಾಲಿಗಳು ತಿರುಗಲು ಆರಂಭಿಸುವ ಮೊದಲು ವ್ಯರ್ಥವಾಗುವ ಚಲನೆ. ಕಾರ್ಯಾಗಾರಗಳ ಆಡುಮಾತಿನಲ್ಲಿ ಇದನ್ನು 'ಪ್ಲೇ' ಎನ್ನುತ್ತಾರೆ. ಎಲ್ಲ ವಾಹನಗಳಲ್ಲಿಯೂ ಅಲ್ಪ ಪ್ರಮಾಣದ ಸಡಿಲಿಕೆ ಇದ್ದೇ ಇರುತ್ತದೆ. ಅದು ಮಿತಿಯನ್ನು ಮೀರಿದಾಗ ವಾಹನವನ್ನು ನೇರ ಹಾದಿಯಲ್ಲಿ ಹಿಡಿದಿಡಲು ಚಾಲಕನು ಸ್ಟೀರಿಂಗ್ ಚಕ್ರವನ್ನು ಸತತವಾಗಿ ಅತ್ತಿತ್ತ ತಿದ್ದುತ್ತಿರಬೇಕಾಗುತ್ತದೆ. ಸವೆದ ಕೀಲೊಂದು ಪೂರ್ಣವಾಗಿ ಕಳಚಿಕೊಂಡರೆ ವಾಹನದ ಮೇಲಿನ ಹತೋಟಿಯೇ ತಪ್ಪುತ್ತದೆ.

ಈ ಲೇಖನವು ಮುಖ್ಯವಾಗಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ತಯಾರಾದ, ರಿಸರ್ಕ್ಯುಲೇಟಿಂಗ್ ಬಾಲ್ ಮಾದರಿಯ ಸ್ಟೀರಿಂಗ್ ಗೇರ್ ಬಾಕ್ಸ್ ಹೊಂದಿರುವ ಪಿಕಪ್ ಟ್ರಕ್ಕುಗಳಲ್ಲಿ ಸಡಿಲಿಕೆಯ ಮೂಲವನ್ನು ಪತ್ತೆ ಹಚ್ಚುವ ಮತ್ತು ಸರಿಪಡಿಸುವ ವಿಧಾನಗಳನ್ನು ವಿವರಿಸುತ್ತದೆ. ಲೇಖನದಲ್ಲಿ 'ಗಾಲಿ' ಎಂದರೆ ನೆಲದ ಮೇಲೆ ಉರುಳುವ ಚಕ್ರ. 'ಸ್ಟೀರಿಂಗ್ ಚಕ್ರ' ಎಂದರೆ ಚಾಲಕನು ಕೈಯಲ್ಲಿ ಹಿಡಿಯುವ ಚಕ್ರ.

ರಚನೆ

ರಿಸರ್ಕ್ಯುಲೇಟಿಂಗ್ ಬಾಲ್ ಗೇರ್ ಬಾಕ್ಸ್ 1940ರ ದಶಕದಿಂದ ಅಮೆರಿಕದ ವಾಹನಗಳಲ್ಲಿ ಬಳಕೆಗೆ ಬಂದಿತು. ಜನರಲ್ ಮೋಟಾರ್ಸ್ ಸಂಸ್ಥೆಯ ಸ್ಯಾಗಿನಾ ವಿಭಾಗವು ಇದರ ಪ್ರಮುಖ ತಯಾರಕವಾಗಿತ್ತು. ಕಾರುಗಳು ಕ್ರಮೇಣ ರ‍್ಯಾಕ್ ಮತ್ತು ಪಿನಿಯನ್ ವ್ಯವಸ್ಥೆಗೆ ಬದಲಾದರೂ, ಭಾರ ಹೊರುವ ಪಿಕಪ್ ಟ್ರಕ್ಕುಗಳಲ್ಲಿ ಹಳೆಯ ವ್ಯವಸ್ಥೆಯೇ ಬಹುಕಾಲ ಮುಂದುವರಿಯಿತು. ಉದಾಹರಣೆಗೆ, ಫೋರ್ಡ್ ಎಫ್-150 ರ‍್ಯಾಕ್ ಮತ್ತು ಪಿನಿಯನ್ ಪಡೆದದ್ದು 2004ರ ಮಾದರಿಯಲ್ಲಿ.

ಚಾಲಕನ ಕೈಯಿಂದ ಗಾಲಿಯವರೆಗೆ ಚಲನೆಯು ಒಂದು ಸರಪಳಿಯಂತೆ ಸಾಗುತ್ತದೆ. ಸ್ಟೀರಿಂಗ್ ಚಕ್ರದಿಂದ ಹೊರಟ ಚಲನೆಯು ಕಾಲಮ್‌ನ ಒಳಗಿನ ದಂಡದ ಮೂಲಕ ಕೆಳಗಿಳಿಯುತ್ತದೆ. ದಂಡದ ಕೊನೆಯಲ್ಲಿ, ಕಂಪನವನ್ನು ತಡೆಯಲೆಂದು ರಬ್ಬರ್ ಮತ್ತು ಬಟ್ಟೆಯ ಪದರಗಳಿಂದ ಮಾಡಿದ ಬಿಲ್ಲೆಯಾಕಾರದ ಜೋಡಣೆಯಿರುತ್ತದೆ. ಇದಕ್ಕೆ ರ‍್ಯಾಗ್ ಜಾಯಿಂಟ್ ಎಂದು ಹೆಸರು. ಕೆಲವು ಮಾದರಿಗಳಲ್ಲಿ ಇದರ ಬದಲಿಗೆ ಅಥವಾ ಇದರ ಜೊತೆಗೆ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಅಲ್ಲಿಂದ ಚಲನೆಯು ಚಾಸಿಗೆ ಬೋಲ್ಟ್ ಮಾಡಿದ ಗೇರ್ ಬಾಕ್ಸನ್ನು ಸೇರುತ್ತದೆ.

ಗೇರ್ ಬಾಕ್ಸಿನೊಳಗೆ ವರ್ಮ್ ಎಂಬ ತಿರುಪಿನ ದಂಡವಿದ್ದು, ಅದರ ಮೇಲೆ ಒಂದು ನಟ್ ಹಿಂದೆ ಮುಂದೆ ಸರಿಯುತ್ತದೆ. ತಿರುಪಿಗೂ ನಟ್‌ಗೂ ನಡುವಿನ ಗಾಡಿಗಳಲ್ಲಿ ಉಕ್ಕಿನ ಗುಂಡುಗಳು ಸುತ್ತುತ್ತಿರುತ್ತವೆ. ವ್ಯವಸ್ಥೆಗೆ ಆ ಹೆಸರು ಬಂದದ್ದು ಇದರಿಂದಲೇ. ನಟ್‌ನ ಹೊರಮೈಯ ಹಲ್ಲುಗಳು ಸೆಕ್ಟರ್ ಶಾಫ್ಟ್ ಎಂಬ ಅಡ್ಡ ದಂಡದ ಹಲ್ಲುಗಳೊಡನೆ ಹೊಂದಿಕೊಂಡು ಅದನ್ನು ತಿರುಗಿಸುತ್ತವೆ. ಸೆಕ್ಟರ್ ಶಾಫ್ಟಿನ ಹೊರತುದಿಗೆ ಪಿಟ್‌ಮನ್ ಆರ್ಮ್ ಜೋಡಣೆಯಾಗಿರುತ್ತದೆ.

ಪಿಟ್‌ಮನ್ ಆರ್ಮ್ ಅತ್ತಿತ್ತ ತೂಗುತ್ತ ಸೆಂಟರ್ ಲಿಂಕ್ ಅಥವಾ ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಎರಡು ಗಾಲಿಗಳಿಗೂ ಪ್ರತ್ಯೇಕ ಸಸ್ಪೆನ್ಷನ್ ಇರುವ ಅನೇಕ ವಾಹನಗಳಲ್ಲಿ ಸೆಂಟರ್ ಲಿಂಕಿನ ಮತ್ತೊಂದು ತುದಿಯನ್ನು ಐಡ್ಲರ್ ಆರ್ಮ್ ಎತ್ತಿ ಹಿಡಿಯುತ್ತದೆ. ಕೊನೆಯಲ್ಲಿ ಟೈ ರಾಡ್‌ಗಳು ಈ ಚಲನೆಯನ್ನು ಗಾಲಿಯನ್ನು ಹೊತ್ತ ನಕಲ್ ಎಂಬ ಭಾಗಕ್ಕೆ ಮುಟ್ಟಿಸುತ್ತವೆ. ನಕಲ್ ತಿರುಗುವುದು ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್‌ಗಳ ಮೇಲೆ.

ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ಸವೆಯಬಲ್ಲದು. ಒಂದೊಂದರ ಸವಕಳಿ ಚಿಕ್ಕದಾಗಿದ್ದರೂ ಸ್ಟೀರಿಂಗ್ ಚಕ್ರದಲ್ಲಿ ಅದು ಹಿಗ್ಗಿ ಕಾಣುತ್ತದೆ. ಗೇರ್ ಬಾಕ್ಸಿನ ಅನುಪಾತ 16:1, ಪಿಟ್‌ಮನ್ ಆರ್ಮ್‌ನ ಉದ್ದ 150 ಮಿ.ಮೀ. ಮತ್ತು ಸ್ಟೀರಿಂಗ್ ಚಕ್ರದ ವ್ಯಾಸ 400 ಮಿ.ಮೀ. ಎಂದು ಭಾವಿಸಿದರೆ, ಟೈ ರಾಡಿನ ಕೀಲಿನಲ್ಲಿನ ಸುಮಾರು 1.4 ಮಿ.ಮೀ. ಸವಕಳಿಯು ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 30 ಮಿ.ಮೀ. ಸಡಿಲಿಕೆಯಾಗಿ ತೋರುತ್ತದೆ.

ಸಡಿಲಿಕೆ ಮತ್ತು ಅಲೆದಾಟ

ವಾಹನವು ರಸ್ತೆಯಲ್ಲಿ ಅತ್ತಿತ್ತ ಅಲೆಯುವುದಕ್ಕೆಲ್ಲ ಸ್ಟೀರಿಂಗ್ ಸಡಿಲಿಕೆಯೇ ಕಾರಣವಲ್ಲ. ಈ ಎರಡನ್ನೂ ಬೇರ್ಪಡಿಸುವುದು ಪರೀಕ್ಷೆಯ ಮೊದಲ ಹಂತ. ನಿಂತ ವಾಹನದಲ್ಲಿ ಸ್ಟೀರಿಂಗ್ ಚಕ್ರವನ್ನು ಮೆಲ್ಲನೆ ಆಡಿಸಿದಾಗ ಗಾಲಿಗಳು ಚಲಿಸದೆ ಇರುವುದು ಸಡಿಲಿಕೆ. ನಿಂತಾಗ ಎಲ್ಲವೂ ಬಿಗಿಯಾಗಿದ್ದು, ವೇಗದಲ್ಲಿ ಹೋಗುವಾಗ ಮಾತ್ರ ವಾಹನವು ದಿಕ್ಕು ತಪ್ಪುತ್ತಿದ್ದರೆ ಅದು ಅಲೆದಾಟ.

ಅಲೆದಾಟಕ್ಕೆ ಸಾಮಾನ್ಯ ಕಾರಣಗಳು ಇವು: ಟೈರುಗಳಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿರುವುದು ಅಥವಾ ಅಸಮವಾಗಿರುವುದು; ಟೈರುಗಳ ಅಸಮ ಸವಕಳಿ; ಗಾಲಿಗಳ ಕೋನಗಳು ತಪ್ಪಿರುವುದು; ಹಿಂಭಾಗದ ಪಟ್ಟೆ ಸ್ಪ್ರಿಂಗುಗಳ ಬುಷ್‌ಗಳು ಸವೆದಿರುವುದು ಅಥವಾ ಅವುಗಳ ಯು-ಬೋಲ್ಟ್‌ಗಳು ಸಡಿಲವಾಗಿರುವುದು; ಹಿಂಭಾಗದಲ್ಲಿ ಅತಿಯಾದ ಹೊರೆ ಹೇರಿರುವುದು. ಹಿಂದೆ ಹೊರೆ ಹೆಚ್ಚಾದರೆ ಮುಂದಿನ ಗಾಲಿಗಳ ಮೇಲಿನ ಭಾರ ತಗ್ಗಿ ಸ್ಟೀರಿಂಗ್ ಹಗುರವಾದಂತೆ ಭಾಸವಾಗುತ್ತದೆ. ಇವನ್ನು ಪರಿಶೀಲಿಸದೆ ಸ್ಟೀರಿಂಗ್ ಭಾಗಗಳನ್ನು ಬದಲಾಯಿಸಿದರೆ ದೋಷವು ಹಾಗೆಯೇ ಉಳಿಯುತ್ತದೆ.

ಪತ್ತೆ ಹಚ್ಚುವ ಕ್ರಮ

ಸಡಿಲಿಕೆಯನ್ನು ಪತ್ತೆ ಹಚ್ಚುವ ಮೂಲತತ್ತ್ವ ಸರಳವಾದುದು. ಸರಪಳಿಯ ಯಾವ ಕೊಂಡಿಯಲ್ಲಿ ಒಂದು ಬದಿಯಿಂದ ಚಲನೆ ಒಳಹೋಗಿ ಮತ್ತೊಂದು ಬದಿಯಿಂದ ಹೊರಬರುವುದಿಲ್ಲವೋ ಅಲ್ಲಿ ಸವಕಳಿಯಿದೆ. ಒಂದು ದೋಷ ಸಿಕ್ಕ ಕೂಡಲೇ ಪರೀಕ್ಷೆಯನ್ನು ನಿಲ್ಲಿಸಬಾರದು. ಹಳೆಯ ವಾಹನಗಳಲ್ಲಿ ಹಲವು ಕೀಲುಗಳು ಒಟ್ಟಿಗೆ ಸವೆದಿರುವುದೇ ಹೆಚ್ಚು.

ಗಾಲಿಗಳು ನೆಲದ ಮೇಲಿರುವಾಗ

ಈ ಪರೀಕ್ಷೆಗೆ ಇಬ್ಬರು ಬೇಕು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಿಯರನ್ನು ನ್ಯೂಟ್ರಲ್ ಅಥವಾ ಪಾರ್ಕ್ ಸ್ಥಾನದಲ್ಲಿಟ್ಟು, ಕೈಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಅಡ್ಡಗಟ್ಟೆ ಇಡಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲನೆಯಲ್ಲಿರಬೇಕು. ಎಂಜಿನ್ ನಿಂತಿದ್ದಾಗ ಗೇರ್ ಬಾಕ್ಸಿನ ಕವಾಟದಲ್ಲಿರುವ ತಿರುಚು ಸರಳು ಬಾಗುವುದರಿಂದ, ಇಲ್ಲದ ಸಡಿಲಿಕೆ ಇದ್ದಂತೆ ಕಾಣುತ್ತದೆ. ಎಂಜಿನ್ ಚಾಲನೆಯಲ್ಲಿರುವಾಗ ಪರೀಕ್ಷಿಸುವವರು ಗಾಲಿಗಳ ಮುಂದೆ ಅಥವಾ ಹಿಂದೆ ಮಲಗದೆ ಪಕ್ಕದಿಂದ ನೋಡಬೇಕು. ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ ಹಾಗೂ ಬಟ್ಟೆಗಳನ್ನು ದೂರವಿಡಬೇಕು.

ಸಹಾಯಕನು ಸ್ಟೀರಿಂಗ್ ಚಕ್ರವನ್ನು ನೇರ ಸ್ಥಾನದಿಂದ ಎಡಬಲಕ್ಕೆ ಕೆಲವೇ ಅಂಗುಲಗಳಷ್ಟು ಆಡಿಸುತ್ತಿರುವಾಗ ಕೆಳಗಿನ ಭಾಗಗಳನ್ನು ಕ್ರಮವಾಗಿ ಗಮನಿಸಲಾಗುತ್ತದೆ.

1. ಸ್ಟೀರಿಂಗ್ ಕಾಲಮ್: ಚಕ್ರವನ್ನು ಮೇಲೆ ಕೆಳಗೆ ಅಲುಗಾಡಿಸಿದಾಗ ಕಾಲಮ್ ಓಲಾಡಿದರೆ ಅದರ ಬೇರಿಂಗ್ ಸವೆದಿರುತ್ತದೆ ಅಥವಾ ಬೋಲ್ಟ್‌ಗಳು ಸಡಿಲವಾಗಿರುತ್ತವೆ.
2. ರ‍್ಯಾಗ್ ಜಾಯಿಂಟ್: ಮೇಲಿನ ದಂಡ ತಿರುಗಿದರೂ ಕೆಳಗಿನ ದಂಡ ತಡವಾಗಿ ತಿರುಗಿದರೆ, ಅಥವಾ ಬಿಲ್ಲೆಯು ಬಿರಿದು ತಿರುಚಿಕೊಂಡಂತೆ ಕಂಡರೆ ಅದನ್ನು ಬದಲಾಯಿಸಬೇಕು.
3. ಗೇರ್ ಬಾಕ್ಸಿನ ಜೋಡಣೆ: ಪೆಟ್ಟಿಗೆಯೇ ಚಾಸಿಯ ಮೇಲೆ ಅಲುಗಿದರೆ ಬೋಲ್ಟ್‌ಗಳು ಸಡಿಲಗೊಂಡಿವೆ, ಇಲ್ಲವೇ ಚಾಸಿಯೇ ಬಿರುಕು ಬಿಟ್ಟಿದೆ.
4. ಗೇರ್ ಬಾಕ್ಸ್: ಒಳಬರುವ ದಂಡ ತಿರುಗಿದರೂ ಪಿಟ್‌ಮನ್ ಆರ್ಮ್ ಸ್ತಬ್ಧವಾಗಿದ್ದರೆ ಸವಕಳಿಯು ಪೆಟ್ಟಿಗೆಯ ಒಳಗಿದೆ. ಪಿಟ್‌ಮನ್ ಆರ್ಮ್ ಸೆಕ್ಟರ್ ಶಾಫ್ಟಿನ ಹಲ್ಲುಗಳ ಮೇಲೆಯೇ ಜಾರುತ್ತಿಲ್ಲವೆಂಬುದನ್ನೂ ನೋಡಬೇಕು.
5. ಡ್ರ್ಯಾಗ್ ಲಿಂಕ್, ಸೆಂಟರ್ ಲಿಂಕ್, ಐಡ್ಲರ್ ಆರ್ಮ್ ಮತ್ತು ಟೈ ರಾಡ್‌ಗಳು: ಪ್ರತಿ ಕೀಲಿನ ಮೇಲೆ ಬೆರಳಿಟ್ಟರೆ ಕಣ್ಣಿಗೆ ಕಾಣದ ಸವಕಳಿಯೂ ಸಣ್ಣ ಬಡಿತವಾಗಿ ತಿಳಿಯುತ್ತದೆ. ಐಡ್ಲರ್ ಆರ್ಮ್‌ನ ತುದಿಯನ್ನು ಕೈಯಿಂದ ಮೇಲೆ ಕೆಳಗೆ ಒತ್ತಿ ಪರೀಕ್ಷಿಸಲಾಗುತ್ತದೆ.

ಗಾಲಿಗಳನ್ನು ಎತ್ತಿದಾಗ

ಎರಡನೆಯ ಪರೀಕ್ಷೆಯಲ್ಲಿ ಎಂಜಿನ್ ನಿಲ್ಲಿಸಿ ಮುಂಭಾಗವನ್ನು ಜ್ಯಾಕ್‌ನಿಂದ ಎತ್ತಲಾಗುತ್ತದೆ. ವಾಹನವು ಕೇವಲ ಜ್ಯಾಕ್‌ನ ಮೇಲೆ ನಿಂತಿರುವಾಗ ಅದರ ಕೆಳಗೆ ಹೋಗಬಾರದು. ತಕ್ಕ ಭಾರ ತಾಳುವ ಸ್ಟ್ಯಾಂಡ್‌ಗಳ ಮೇಲೆ ಇಳಿಸಿದ ಬಳಿಕವೇ ಪರೀಕ್ಷಿಸಬೇಕು. ಸ್ಪ್ರಿಂಗ್ ಕೆಳಗಿನ ತೋಳಿನ ಮೇಲೆ ಕುಳಿತಿರುವ ವಾಹನಗಳಲ್ಲಿ ಆಧಾರವನ್ನು ಆ ತೋಳಿನ ಕೆಳಗೆ ಕೊಡಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡವು ಭಾರ ಹೊರುವ ಬಾಲ್ ಜಾಯಿಂಟನ್ನು ಬಿಗಿಯಾಗಿ ಹಿಡಿದು ಅದರ ಸವಕಳಿಯನ್ನು ಮರೆಮಾಡುತ್ತದೆ.

ಗಡಿಯಾರದ ಮುಖವನ್ನು ಕಲ್ಪಿಸಿಕೊಂಡು, ಗಾಲಿಯನ್ನು 3 ಮತ್ತು 9 ಗಂಟೆಯ ಸ್ಥಾನಗಳಲ್ಲಿ ಹಿಡಿದು ಅಲುಗಾಡಿಸಿದಾಗ ಕಾಣುವ ಚಲನೆಯು ಸಾಮಾನ್ಯವಾಗಿ ಟೈ ರಾಡ್ ಮತ್ತು ಇತರ ಸರಳುಗಳ ಸವಕಳಿಯನ್ನು ಸೂಚಿಸುತ್ತದೆ. 12 ಮತ್ತು 6 ಗಂಟೆಯ ಸ್ಥಾನಗಳಲ್ಲಿ ಹಿಡಿದಾಗ ಕಾಣುವ ಚಲನೆಯು ಗಾಲಿಯ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್‌ಗೆ ಸಂಬಂಧಿಸಿದ್ದು. ಇವುಗಳಲ್ಲಿ ಯಾವುದೆಂದು ತಿಳಿಯಲು ಸಹಾಯಕನು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಚಲನೆ ಮಾಯವಾದರೆ ದೋಷವು ಬೇರಿಂಗಿನದು. ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್‌ನದು.

ದುರಸ್ತಿ

ಕೀಲುಗಳ ಬದಲಾವಣೆ

ಸವೆದ ಟೈ ರಾಡ್ ಎಂಡ್, ಐಡ್ಲರ್ ಆರ್ಮ್ ಮತ್ತು ರ‍್ಯಾಗ್ ಜಾಯಿಂಟ್‌ಗಳನ್ನು ಸಾಮಾನ್ಯವಾಗಿ ದುರಸ್ತಿ ಮಾಡದೆ ಬದಲಾಯಿಸಲಾಗುತ್ತದೆ. ಟೈ ರಾಡ್ ಎಂಡ್ ಬಿಚ್ಚುವಾಗ ಅದು ಎಷ್ಟು ಸುತ್ತು ಒಳಹೋಗಿತ್ತೆಂದು ಎಣಿಸಿಕೊಂಡು ಹೊಸದನ್ನೂ ಅಷ್ಟೇ ಸುತ್ತು ಕೂರಿಸಿದರೆ, ಅಲೈನ್‌ಮೆಂಟ್ ಮಾಡಿಸುವ ಸ್ಥಳದವರೆಗೆ ವಾಹನವನ್ನು ನಿಧಾನವಾಗಿ ಓಡಿಸಬಹುದು. ಪಿಟ್‌ಮನ್ ಆರ್ಮ್ ಬಿಚ್ಚಲು ತಕ್ಕ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದು ಕಳಚುವುದರಿಂದ ಗೇರ್ ಬಾಕ್ಸಿನ ಒಳಭಾಗಕ್ಕೆ ಹಾನಿಯಾಗುತ್ತದೆ.

ಕಿರೀಟದಾಕಾರದ ನಟ್‌ಗಳನ್ನು ತಯಾರಕರ ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ ರಂಧ್ರಗಳು ಸರಿಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿದು ಸರಿಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಪ್ರತಿ ಬಾರಿಯೂ ಹೊಸದಾಗಿರಬೇಕು. ಈ ಸಣ್ಣ ಪಿನ್ನು ತಪ್ಪಿಹೋದರೆ ನಟ್ ಕಳಚಿ, ಗಾಲಿಗೂ ಸ್ಟೀರಿಂಗಿಗೂ ಸಂಬಂಧವೇ ಕಡಿದುಹೋಗಬಹುದು.

ಗೇರ್ ಬಾಕ್ಸಿನ ಹೊಂದಾಣಿಕೆ

ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಅಥವಾ ಪಕ್ಕದಲ್ಲಿ ಲಾಕ್ ನಟ್‌ನೊಡನೆ ಒಂದು ಹೊಂದಾಣಿಕೆ ತಿರುಪು ಇರುತ್ತದೆ. ಅದು ಸೆಕ್ಟರ್ ಶಾಫ್ಟಿನ ಹಲ್ಲುಗಳನ್ನು ನಟ್‌ನ ಹಲ್ಲುಗಳಿಗೆ ಹತ್ತಿರ ತರುತ್ತದೆ. ಸುಲಭವಾಗಿ ಕೈಗೆಟಕುವುದರಿಂದ ಮತ್ತು ಖರ್ಚಿಲ್ಲದ್ದರಿಂದ ಅನೇಕರು ಪರೀಕ್ಷೆ ಮಾಡದೆಯೇ ಮೊದಲು ಇದನ್ನು ಬಿಗಿಯುತ್ತಾರೆ. ಇದು ಅಪಾಯಕಾರಿ ಅಭ್ಯಾಸ. ದೋಷವು ಟೈ ರಾಡಿನಲ್ಲಿದ್ದರೆ ತಿರುಪು ಬಿಗಿಯುವುದರಿಂದ ಅದು ಸರಿಯಾಗುವುದಿಲ್ಲ. ಸ್ಟೀರಿಂಗ್ ಸ್ವಲ್ಪ ಬಿಗಿಯಾದಂತೆ ಭಾಸವಾಗಿ ಚಾಲಕನು ಸಮಾಧಾನಗೊಳ್ಳುತ್ತಾನೆ. ಸವೆಯುತ್ತಿರುವ ಕೀಲು ಮಾತ್ರ ಸವೆಯುತ್ತಲೇ ಇರುತ್ತದೆ.

ಗೇರ್ ಬಾಕ್ಸಿನ ಹಲ್ಲುಗಳು ನೇರ ಸ್ಥಾನದಲ್ಲಿ ಅತ್ಯಂತ ಬಿಗಿಯಾಗಿಯೂ ಎರಡೂ ಬದಿಗಳಲ್ಲಿ ಸ್ವಲ್ಪ ಸಡಿಲವಾಗಿಯೂ ಇರುವಂತೆ ವಿನ್ಯಾಸಗೊಂಡಿರುತ್ತವೆ. ವಾಹನವು ಹೆಚ್ಚಿನ ಕಾಲ ನೇರವಾಗಿಯೇ ಚಲಿಸುವುದರಿಂದ ಸವಕಳಿಯೂ ನಡುವಿನಲ್ಲಿಯೇ ಹೆಚ್ಚು. ನಡುವೆ ಬಹಳ ಸವೆದ ಪೆಟ್ಟಿಗೆಯನ್ನು ಅಲ್ಲಿ ಬಿಗಿಯಾಗುವಂತೆ ತಿರುಪಿದರೆ, ಸವೆಯದ ಬದಿಗಳಲ್ಲಿ ಹಲ್ಲುಗಳು ಹಿಡಿದುಕೊಳ್ಳುತ್ತವೆ. ಸ್ಟೀರಿಂಗನ್ನು ಒಂದು ಬದಿಗೆ ತಿರುಗಿಸಿಟ್ಟು ಹೊಂದಿಸಿದರೆ ನೇರ ಸ್ಥಾನದಲ್ಲಿ ಹಿಡಿತ ಉಂಟಾಗುತ್ತದೆ. ಎರಡೂ ಸಂದರ್ಭಗಳಲ್ಲಿ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರ ಸ್ಥಾನಕ್ಕೆ ಮರಳುವುದಿಲ್ಲ. ಹಲ್ಲುಗಳೂ ಬೇಗ ಹಾಳಾಗುತ್ತವೆ.

ಉಳಿದ ಎಲ್ಲ ಕೀಲುಗಳು ಸರಿಯಾಗಿದ್ದು, ಸಡಿಲಿಕೆಯು ಪೆಟ್ಟಿಗೆಯ ಒಳಗೇ ಇದೆಯೆಂದು ಖಚಿತವಾದಾಗ ಮಾತ್ರ ಹೊಂದಾಣಿಕೆಗೆ ಕೈ ಹಾಕಬೇಕು. ತಯಾರಕರ ಪೂರ್ಣ ವಿಧಾನದಲ್ಲಿ ಪಿಟ್‌ಮನ್ ಆರ್ಮ್ ಕಳಚಿ, ಸ್ಟೀರಿಂಗ್ ತಿರುಗಿಸಲು ಬೇಕಾದ ಬಲವನ್ನು ಅಳೆಯಲಾಗುತ್ತದೆ. ಕೆಲಸದ ಕ್ರಮ ಹೀಗಿದೆ: ಸ್ಟೀರಿಂಗ್ ಚಕ್ರವನ್ನು ಒಂದು ತುದಿಯಿಂದ ಮತ್ತೊಂದು ತುದಿಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಅದರ ಅರ್ಧಕ್ಕೆ ತಂದು ನೇರ ಸ್ಥಾನವನ್ನು ಕಂಡುಕೊಳ್ಳಬೇಕು. ತಿರುಪಿನ ಮೂಲ ಸ್ಥಾನವನ್ನು ಗುರುತು ಮಾಡಿ ಲಾಕ್ ನಟ್ ಸಡಿಲಿಸಬೇಕು. ತಿರುಪನ್ನು ಒಮ್ಮೆಗೆ ಸುತ್ತಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಅದನ್ನು ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿಯಬೇಕು. ಪ್ರತಿ ಸಲವೂ ಸ್ಟೀರಿಂಗನ್ನು ತುದಿಯಿಂದ ತುದಿಗೆ ತಿರುಗಿಸಿ ಎಲ್ಲಿಯೂ ಹಿಡಿತವಿಲ್ಲವೆಂದು ನೋಡಬೇಕು. ಹಿಡಿತ ಕಂಡುಬಂದರೆ ತಿರುಪನ್ನು ಹಿಂದಕ್ಕೆ ತರಬೇಕು. ಹಿಡಿತವಿಲ್ಲದೆ ಸಡಿಲಿಕೆಯನ್ನು ಕಳೆಯಲು ಸಾಧ್ಯವಾಗದಿದ್ದರೆ ಪೆಟ್ಟಿಗೆಯ ಆಯುಷ್ಯ ಮುಗಿದಿದೆ; ಅದನ್ನು ಪುನರ್ನಿರ್ಮಿಸಬೇಕು ಅಥವಾ ಬದಲಾಯಿಸಬೇಕು.

ಅಲೈನ್‌ಮೆಂಟ್

ಟೈ ರಾಡ್, ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ ಬುಷ್ ಬದಲಾಯಿಸಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಕಡ್ಡಾಯ. ಟೋ ಎಂಬುದು ಮುಂದಿನ ಎರಡು ಗಾಲಿಗಳು ಪರಸ್ಪರ ಒಳಮುಖವಾಗಿ ಅಥವಾ ಹೊರಮುಖವಾಗಿ ಇರುವ ಪ್ರಮಾಣ. ಇದು ತಪ್ಪಿದರೆ ಟೈರುಗಳು ಬೇಗ ಸವೆಯುತ್ತವೆ. ಕ್ಯಾಸ್ಟರ್ ಎಂಬುದು ಗಾಲಿಯು ತಿರುಗುವ ಅಕ್ಷವು ಹಿಂದಕ್ಕೆ ವಾಲಿರುವ ಕೋನ. ಸ್ಟೀರಿಂಗ್ ತಾನಾಗಿ ನೇರವಾಗಲು ಇದು ಮುಖ್ಯ ಕಾರಣ. ಸವೆದ ಕೀಲುಗಳನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಆ ಅಳತೆಗಳು ನಿಲ್ಲುವುದಿಲ್ಲ.

ಕೆಲವು ಮಾದರಿಗಳ ವಿಶೇಷಗಳು

- ಷೆವ್ರೊಲೆ ಸಿ/ಕೆ ಸರಣಿ, 1973–1987: ರ‍್ಯಾಗ್ ಜಾಯಿಂಟಿನ ಸವಕಳಿ ಇವುಗಳಲ್ಲಿ ಸಾಮಾನ್ಯ. ನಾಲ್ಕು ಗಾಲಿ ಚಾಲನೆಯ ಮಾದರಿಗಳಲ್ಲಿ, ವಿಶೇಷವಾಗಿ ದೊಡ್ಡ ಟೈರು ಹಾಕಿದ ವಾಹನಗಳಲ್ಲಿ, ಗೇರ್ ಬಾಕ್ಸ್ ಕೂಡಿಸಿದ ಸ್ಥಳದಲ್ಲಿ ಚಾಸಿ ಬಿರುಕು ಬಿಡುವುದು ಪರಿಚಿತ ದೋಷ. ಬಿರುಕನ್ನು ಕೇವಲ ಬೆಸುಗೆ ಹಾಕಿ ಮುಚ್ಚದೆ, ಬಲವರ್ಧಕ ಪಟ್ಟಿಯೊಡನೆ ನುರಿತ ಬೆಸುಗೆಗಾರರಿಂದ ಸರಿಪಡಿಸಬೇಕಾಗುತ್ತದೆ.
- ಫೋರ್ಡ್ ಎಫ್ ಸರಣಿ: 1965ರಲ್ಲಿ ಬಂದ ಟ್ವಿನ್ ಐ-ಬೀಮ್ ವ್ಯವಸ್ಥೆಯಲ್ಲಿ ಎರಡು ಪ್ರತ್ಯೇಕ ಅಚ್ಚುಗಳನ್ನು ರೇಡಿಯಸ್ ಆರ್ಮ್‌ಗಳು ಸ್ಥಾನದಲ್ಲಿ ಹಿಡಿದಿರುತ್ತವೆ. ಅವುಗಳ ರಬ್ಬರ್ ಬುಷ್ ಸವೆದಾಗ ಅಚ್ಚು ಹಿಂದೆ ಮುಂದೆ ಸರಿದು, ಸ್ಟೀರಿಂಗ್ ಸರಿಯಾಗಿದ್ದರೂ ವಾಹನ ಅಲೆಯುತ್ತದೆ.
- ಡಾಡ್ಜ್ ರ‍್ಯಾಮ್, 1994–2001: ನಾಲ್ಕು ಗಾಲಿ ಚಾಲನೆಯ ಮಾದರಿಗಳ ಮುಂದಿನ ಅಚ್ಚನ್ನು ಅಡ್ಡಡ್ಡಲಾಗಿ ಹಿಡಿಯುವ ಟ್ರ್ಯಾಕ್ ಬಾರ್‌ನ ಚಾಸಿ ತುದಿಯ ಕೀಲು ಸವೆಯುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದಾಗ ಗಾಲಿಗಳ ಬದಲು ಇಡೀ ಅಚ್ಚು ಪಕ್ಕಕ್ಕೆ ಸರಿಯುತ್ತದೆ.

ಅಖಂಡ ಮುಂದಿನ ಅಚ್ಚು ಇರುವ ವಾಹನಗಳಲ್ಲಿ ಸವೆದ ಕೀಲುಗಳಿಂದ ಮುಂಭಾಗವು ತೀವ್ರವಾಗಿ ನಡುಗುವುದುಂಟು. ಇದನ್ನು ತಗ್ಗಿಸಲು ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕುವುದು ವಾಡಿಕೆ. ಆದರೆ ಡ್ಯಾಂಪರ್ ನಡುಕವನ್ನು ಅಡಗಿಸುತ್ತದೆಯೇ ಹೊರತು ಸವಕಳಿಯನ್ನು ನಿವಾರಿಸುವುದಿಲ್ಲ.

ಕಾನೂನಿನ ಮಿತಿಗಳು

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಸ್ಟೀರಿಂಗ್ ಚಕ್ರದಲ್ಲಿನ ಸಡಿಲಿಕೆಯು 30 ಡಿಗ್ರಿಯನ್ನು ಮೀರಬಾರದು. ಸ್ಟೀರಿಂಗ್ ಸರಳುಗಳ ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಮುಚ್ಚಳ ಇರಬೇಕೆಂದೂ, ಬೋಲ್ಟ್ ಅಥವಾ ಪಿನ್‌ಗಳಿಂದ ಮಾಡಿದ ಜೋಡಣೆಗಳು ಕಳಚದಂತೆ ಭದ್ರವಾಗಿರಬೇಕೆಂದೂ ಅದೇ ನಿಯಮ ವಿಧಿಸುತ್ತದೆ. 400 ಮಿ.ಮೀ. ವ್ಯಾಸದ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 105 ಮಿ.ಮೀ.

ಅಮೆರಿಕದಲ್ಲಿ ವಾಣಿಜ್ಯ ವಾಹನಗಳಿಗೆ ಅನ್ವಯಿಸುವ ಒಕ್ಕೂಟ ಸರ್ಕಾರದ ನಿಯಮವು 406 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಸ್ಟೀರಿಂಗ್ ಚಕ್ರಕ್ಕೆ ಸಾಧಾರಣ ಸ್ಟೀರಿಂಗ್‌ನಲ್ಲಿ 51 ಮಿ.ಮೀ., ಪವರ್ ಸ್ಟೀರಿಂಗ್‌ನಲ್ಲಿ 108 ಮಿ.ಮೀ. ಮಿತಿ ಹಾಕಿದೆ. ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲಿ 380 ಮಿ.ಮೀ. ವ್ಯಾಸದ ಚಕ್ರಕ್ಕೆ ರ‍್ಯಾಕ್ ಮತ್ತು ಪಿನಿಯನ್ ಆದರೆ 13 ಮಿ.ಮೀ., ಇತರ ವ್ಯವಸ್ಥೆಗಳಾದರೆ 75 ಮಿ.ಮೀ. ಮಿತಿಯಿದೆ. ಇವೆಲ್ಲ ವಾಹನವನ್ನು ರಸ್ತೆಯಿಂದ ದೂರವಿಡಬೇಕಾದ ಗರಿಷ್ಠ ಮಿತಿಗಳೇ ಹೊರತು ಸುಸ್ಥಿತಿಯ ಲಕ್ಷಣಗಳಲ್ಲ. ಸಡಿಲಿಕೆಯ ಒಟ್ಟು ಅಳತೆ ಮಿತಿಯೊಳಗಿದ್ದರೂ ಯಾವುದಾದರೂ ಒಂದು ಕೀಲು ಕಳಚುವ ಸ್ಥಿತಿಯಲ್ಲಿರಬಹುದು.

ನಿರ್ವಹಣೆ

ಹಳೆಯ ಪಿಕಪ್ ಟ್ರಕ್ಕುಗಳ ಅನೇಕ ಕೀಲುಗಳಲ್ಲಿ ಗ್ರೀಸ್ ತುಂಬುವ ನಿಪ್ಪಲ್‌ಗಳಿರುತ್ತವೆ. ತಯಾರಕರು ಸೂಚಿಸಿದ ಅವಧಿಗೆ ಅವುಗಳಿಗೆ ಗ್ರೀಸ್ ಹಾಕುವುದರಿಂದ ಸವಕಳಿ ಗಣನೀಯವಾಗಿ ತಗ್ಗುತ್ತದೆ. ರಬ್ಬರ್ ಮುಚ್ಚಳ ಒಡೆಯುವಷ್ಟು ಗ್ರೀಸ್ ತುಂಬಬಾರದು; ಹರಿದ ಮುಚ್ಚಳದಿಂದ ನೀರು ಮತ್ತು ಧೂಳು ಒಳಸೇರಿ ಕೀಲು ಬೇಗ ಕೆಡುತ್ತದೆ. ಮೂಲ ಅಳತೆಗಿಂತ ದೊಡ್ಡ ಟೈರುಗಳು ಮತ್ತು ಎತ್ತರಿಸಿದ ಸಸ್ಪೆನ್ಷನ್ ಸ್ಟೀರಿಂಗ್ ಭಾಗಗಳ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ. ದುರಸ್ತಿಯ ನಂತರ ಮೊದಲು ನಿರ್ಜನ ಸ್ಥಳದಲ್ಲಿ ಕಡಿಮೆ ವೇಗದಲ್ಲಿ ವಾಹನವನ್ನು ಓಡಿಸಿ, ಎರಡೂ ಬದಿಯ ತಿರುವುಗಳ ಬಳಿಕ ಸ್ಟೀರಿಂಗ್ ತಾನಾಗಿ ನೇರವಾಗುತ್ತದೆಯೇ ಎಂದು ನೋಡಲಾಗುತ್ತದೆ. ಕೆಲವು ದಿನಗಳ ಬಳಕೆಯ ನಂತರ ಬಿಚ್ಚಿ ಜೋಡಿಸಿದ ಎಲ್ಲ ನಟ್ ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ.